ಸೋಮಾರಿತನದ ಮುಖ

ಏಣಿಯ ತುದಿಯಲ್ಲಿ ನಿಂತ ಈನಕ್, ತಾನೇ ಬಣ್ಣ ಬರೆದಿದ್ದ ಮಹಡಿ ಮೆಟ್ಟಿಲ ಕಿಟಕಿಯ ಗಾಜನ್ನು ಬೆರಳಿನಿಂದ ತಡವಿದ. ಗಾಜಿನ ಮೇಲಿನ ಹೆಂಗಸಿಗೆ ಹಸಿರು ಅಂಗಿ ಇತ್ತು, ಕೈಯಲ್ಲಿ ಕನ್ನಡಿ, ಬಾಚಣಿಗೆ ಇದ್ದವು. ಕತ್ತಿನ ಮೇಲೆ ಮಾತ್ರ ಬರೀ ಗಾಜು.

"ಮೊದಲು ಮೂಗು ಹೋಯ್ತು, ಆಮೇಲೆ ಬಾಯಿ," ಎಂದಳು ಕೆಳಗೆ ಏಣಿ ಹಿಡಿದಿದ್ದ ಮನೆಗೆಲಸದ ಪ್ರೂ. "ಕಣ್ಣೆರಡು ಈಸ್ಟರ್‌ವರೆಗೂ ನನ್ನೇ ನೋಡ್ತಿದ್ವು ಕಣಣ್ಣ. ಮೆಟ್ಲು ಇಳಿಯೋಕೇ ಭಯ ಆಗ್ತಿತ್ತು."

"ನೀನು ಒರೆಸ್ತಿದ್ದೆಯಾ?"

"ಮತ್ತೆ? ದಿನಾ ಬೆಳಗ್ಗೆ ಗಾಜು ಬೆವರುತ್ತೆ. ಒರೆಸ್ದೆ ಬಿಟ್ರೆ ಅಮ್ಮಾವ್ರು ನನ್ನ ಚರ್ಮ ಸುಲೀತಾರೆ. ಒರೆಸೋ ಬಟ್ಟೆ ಕಂದು ಬಣ್ಣ ಆಗೋದು. ಧೂಳು ಅಂದ್ಕೊಂಡೆ."

ಐದು ವರ್ಷದ ಹಿಂದೆ ಈ ಮನೆಯ ದೊರೆಗೆ ಯಾವುದೋ ಹಳೇ ಕಾವ್ಯದ ಕನಸಿನ ತೋಟ ಕಿಟಕಿಯಲ್ಲಿ ಬೇಕಾಗಿತ್ತು. ಗೋಡೆಯ ಹೊರಗೆ ದ್ವೇಷ, ದುಃಖ, ದಾರಿದ್ರ್ಯ ಎಂಬ ಹೆಂಗಸರು. ಬಾಗಿಲು ತೆಗೆಯುವವಳು ಸೋಮಾರಿತನ. ಅವಳ ಚಿತ್ರಕ್ಕೆ ಮಾದರಿಯಾಗಿ ಈನಕ್ ತನ್ನ ಹೆಂಡತಿ ಡಾರ್ಕಸಳನ್ನು ನಿಲ್ಲಿಸಿದ್ದ. ಆಕೆ ವಾರವೆಲ್ಲ ಊರವರ ಬಟ್ಟೆ ಒಗೆಯುತ್ತಿದ್ದಳು.

"ಹುಟ್ಟಿದ ಮೇಲೆ ಒಂದಿನ ಕೂತವಳಲ್ಲ. ನಂಗೆ ಸೋಮಾರಿ ಅಂತ ಹೆಸರಿಡ್ತೀಯಲ್ಲೋ, ನಾಚ್ಕೆ ಆಗಲ್ವಾ?" ಎಂದು ಬಾಚಣಿಗೆಯಿಂದಲೇ ಅವನ ತಲೆಗೆ ಕುಟ್ಟಿದ್ದಳು.

ಆ ಮುಖವನ್ನು ಈನಕ್ ಮೂರು ಸಲ ಬರೆದು ಮೂರು ಸಲ ಅಳಿಸಿದ. ಅಷ್ಟರಲ್ಲಿ ಕ್ರಿಸ್ಮಸ್ ಹತ್ತಿರ ಬಂತು. ಉಳಿದ ಹೆಂಗಸರ ಗಾಜುಗಳೆಲ್ಲ ಬಣ್ಣ ಕೂರುವಂತೆ ಭಟ್ಟಿಯಲ್ಲಿ ನಿಧಾನವಾಗಿ ಬೆಂದಾಗಿದ್ದವು. "ಬಣ್ಣಕ್ಕೆ ಬಿಳಿಗಾರ ಹಾಕಯ್ಯ, ಅರ್ಧ ಉರಿಗೇ ಕೂರುತ್ತೆ," ಎಂದ ಬರ್ಮಿಂಗ್‌ಹ್ಯಾಮಿನ ಗಾಜಿನ ಕಾರ್ಖಾನೆಯ ಯಜಮಾನ ಹಾಲೆಟ್. "ಉದುರುತ್ತೆ ಸಾರ್," ಎಂದರೆ, "ನಾವು ಸತ್ತ ಮೇಲೆ ಉದುರ್ಲಿ ಬಿಡು," ಎಂದು ನಕ್ಕ. ನಕ್ಕವನು ಹಾಲೆಟ್. ಆದರೆ ಬಿಳಿಗಾರ ಅರೆದು ಬೆರೆಸಿದ ಕೈ ಈನಕ್‌ನದು.

ಮರುವರ್ಷ ಜ್ವರ ಡಾರ್ಕಸಳನ್ನು ಕೊಂಡೊಯ್ದಿತು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಕಾಗದದ ಮೇಲೆ ಬರೆದ ಮೂಲ ಚಿತ್ರ ಹಾಲೆಟ್‌ನ ಒಲೆ ಸೇರಿತ್ತು. ಕಿಟಕಿಯಲ್ಲಿ ಅವಳ ಮುಖ ಇದೆಯಲ್ಲ ಎಂದು ಈನಕ್ ಸಮಾಧಾನಪಟ್ಟುಕೊಂಡಿದ್ದ.

ಈಗ ಪಕ್ಕದ ಗಾಜಿನಲ್ಲಿ ದ್ವೇಷ ಹಲ್ಲು ಕಚ್ಚಿಕೊಂಡೇ ಇತ್ತು. ದಾರಿದ್ರ್ಯದ ಕೆನ್ನೆಯ ಒಂದು ಗೆರೆಯೂ ಮಾಸಿರಲಿಲ್ಲ. ಅವುಗಳ ಮೇಲೆ ಸುತ್ತಿಗೆ ಬೀಸಬೇಕೆನ್ನಿಸಿತು ಅವನಿಗೆ.

"ಬೇಗ ಬರ್ದುಬಿಡಣ್ಣ," ಎಂದಳು ಪ್ರೂ. "ಯಾರ ಮುಖ ಆದ್ರೂ ಸರಿಯಂತೆ. ಅಮ್ಮಾವ್ರು ಹೇಳವ್ರೆ."

ಈನಕ್ ಕುಂಚವನ್ನು ಬಣ್ಣದಲ್ಲಿ ಅದ್ದಿದ. ಹುಬ್ಬು ಬಂತು. ಕಣ್ಣು ಹೇಗೋ ಬಂದವು. ಮೂಗಿನ ಕೆಳಗೆ ಕೈ ನಿಂತಿತು. ಏಳು ವರ್ಷ ಎದುರಿಗೆ ಕೂತು ಉಂಡವಳ ತುಟಿ ಅವನಿಗೆ ನೆನಪಾಗಲಿಲ್ಲ.

"ಪ್ರೂ, ನೀನು ದಿನಾ ನೋಡ್ತಿದ್ದೆ. ಬಾಯಿ ಹೇಗಿತ್ತು?"

"ಬಾಯಿ... ಬಾಯಿ ಥರಾನೇ ಇತ್ತು."

"ನಗ್ತಿದ್ಲಾ?"

ಪ್ರೂ ತುಂಬ ಹೊತ್ತು ಯೋಚಿಸಿದಳು. ಪಾಪ, ನಿಜವಾಗಿಯೂ ಯೋಚಿಸಿದಳು. "ಗೊತ್ತಿಲ್ಲಣ್ಣ. ನಾನು ಧೂಳು ನೋಡ್ತಿದ್ದೆ."

ಅವನು ಬರೆದದ್ದನ್ನು ತೋಳಿನಿಂದ ಒರೆಸಿ, ಏಣಿಯಿಂದ ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕೂತ. ಹೊರಗೆ ಮೋಡ ಸರಿಯಿತು. ಹಸಿರು, ಕೆಂಪು, ನೀಲಿ ಬೆಳಕು ಮೆಟ್ಟಿಲುಗಳ ಮೇಲೆ ಚೆಲ್ಲಿತು. ನಡುವೆ, ಮುಖ ಇರಬೇಕಾದ ಕಡೆ, ಅಂಗೈಯಗಲದ ಬಿಳಿ ಬಿಸಿಲು. ಪ್ರೂ ಅದರ ಮೇಲೇ ಪೊರಕೆ ಆಡಿಸುತ್ತ ಕೆಳಗಿಳಿದಳು.