ಮಂದೆಯ ಹಿಂದೆ ಬಂದ ಔಷಧಿ

ಬಿಡುಗಡೆಯ ದಿನ ಹತ್ತಿರ ಬಂದ ಹಾಗೆಲ್ಲ ಜುಂಜೇಶನಿಗೆ ಊಟ ಸೇರದಾಯಿತು. ಖುಷಿಗೆ ಹಾಗಾಗಿದೆ ಎಂದು ಜೊತೆಯವರು ನಕ್ಕರು. ಅವನಿಗಿದ್ದದ್ದು ಭಯ. ಇದಕ್ಕೆ ಮುಂಚೆ ಒಮ್ಮೆ ಕುಡಿದ ಅಮಲಿನಲ್ಲಿ ಯಾರನ್ನೋ ದೊಣ್ಣೆಯಿಂದ ಹೊಡೆದು ಬೇರೆ ಜಿಲ್ಲೆಯ ಜೈಲು ಸೇರಿದ್ದ. ಅಲ್ಲಿಂದ ಹೊರಬಿದ್ದವನು ಊರಿನ ಬಸ್ಸು ಹತ್ತಲೇ ಇಲ್ಲ; ಬಸ್ ಸ್ಟ್ಯಾಂಡಿಗಿಂತ ಮೊದಲು ಬಾರು ಸಿಕ್ಕಿತ್ತು. ವರ್ಷ ತುಂಬುವುದರೊಳಗೆ, ಅಣ್ಣ ಮುದ್ದಣ್ಣನ ಮಂದೆಯಲ್ಲಿ ಮೇಯುತ್ತಿದ್ದ ಬೇರೆಯವರ ಟಗರುಗಳನ್ನು ಹಿರಿಯೂರಿನ ಸಂತೆಯಲ್ಲಿ ಮಾರಿ, ಬಂದದ್ದನ್ನೆಲ್ಲ ಕುಡಿದ. ಕುರಿ ಕಾಯುವ ಮನೆತನದವನೇ ಕುರಿ ಕದ್ದ ಎಂದು ಹಟ್ಟಿಯವರು ಮುಖ ತಿರುಗಿಸಿದರು. ಈ ಸಲ ಚಿತ್ರದುರ್ಗದ ಜೈಲಾಯಿತು.

ಇಲ್ಲಿ ನೇತ್ರಾವತಿ ಎಂಬಾಕೆ ಸಿಕ್ಕರು. ಕುಡಿತದ ಚಟಕ್ಕೆ ಚಿಕಿತ್ಸೆ ಕೊಡಿಸಲು ವಾರವಾರ ಜೈಲಿಗೆ ಬರುತ್ತಿದ್ದ ಆಪ್ತಸಮಾಲೋಚಕಿ, ಒಳಗಿದ್ದವರಿಗೆಲ್ಲ ನೇತ್ರಕ್ಕ. ಹೊಸದರಲ್ಲಿ ಜುಂಜೇಶನ ಕೈ ನಡುಗಿ ತಟ್ಟೆ ನಿಲ್ಲುತ್ತಿರಲಿಲ್ಲ. ಇಲ್ಲದ ನಾಯಿಗಳು ಗೋಡೆಯ ಮೇಲೆ ಓಡಾಡಿದಂತಾಗಿ ಚೀರಿಕೊಳ್ಳುತ್ತಿದ್ದ. ಅದು ನಾಟಕವಲ್ಲ, ಕುಡಿತ ಒಮ್ಮೆಲೇ ನಿಂತದ್ದರ ಫಲ ಎಂದು ಗುರುತಿಸಿ ಡಾಕ್ಟರನ್ನು ಕರೆಸಿದ್ದು ಆಕೆಯೇ. ನಡುಕ ನಿಂತಮೇಲೂ ಆಸೆ ತಗ್ಗಿಸುವ ಮಾತ್ರೆ ಮುಂದುವರಿಯಿತು. ಒಂದು ದಿನ ಜುಂಜೇಶ ಅವರ ಮುಂದೆ ಬಾಯಿಬಿಟ್ಟ.

"ಅಕ್ಕಾ, ಇಲ್ಲಿಂದ ಬಸ್ ಸ್ಟ್ಯಾಂಡ್‌ವರೆಗೆ ಹೋಗಾದು ಹೆಂಗೆ ಅಂತ ತಿಳೀವಲ್ದು."

ಅವರು ನಗಲಿಲ್ಲ. "ಒಬ್ರೇ ಹೋಗಬ್ಯಾಡ್ರಿ. ಜೊತೆಗೆ ಆಳು ಕಳಿಸ್ತೀನಿ" ಎಂದರು.

ಕಳಿಸಿದರು ಕೂಡ. ಬಿಡುಗಡೆಯ ಬೆಳಿಗ್ಗೆ ಗೇಟಿನ ಎದುರಿಗೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ವಯಸ್ಸಾದ ಮನುಷ್ಯರೊಬ್ಬರು ನಿಂತಿದ್ದರು. ಹೆಸರು ಗೋವಿಂದಯ್ಯ. ಹಿರಿಯೂರಿನ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ. ತಾವೂ ಒಂದು ಕಾಲಕ್ಕೆ ಕುಡಿದು ಜೈಲು ಕಂಡವರೇ ಎಂಬುದನ್ನು ಇಡ್ಲಿ ತಿನ್ನುವಾಗ, ಚಟ್ನಿ ಹಾಕಿಸಿಕೊಳ್ಳುತ್ತ, ಹೇಳಿದರು. ಬುದ್ಧಿಮಾತು ಒಂದೂ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಅವನಿಗೇ ಬಿಟ್ಟರು. ಹಿರಿಯೂರಿನಲ್ಲಿ ಇಳಿದವರು ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಕೊಟ್ಟು, "ವಾರಕ್ಕೊಂದ್ಸಲ ಬಂದು ಹೋಗ್ಬೇಕು" ಎಂದರು. ಜುಂಜೇಶ ತಲೆಯಾಡಿಸಿದ.

ಸಂಜೆ ಬಬ್ಬೂರಿನ ಹತ್ತಿರ, ಕೊಯ್ಲಾದ ರಾಗಿ ಹೊಲದಲ್ಲಿ ಅಣ್ಣನ ಮಂದೆ ಸಿಕ್ಕಿತು. ಮುದ್ದಣ್ಣ ತಮ್ಮನನ್ನು ನೋಡಿಯೂ, ಹಿಂದೆ ಬಿದ್ದ ಕುರಿಯೊಂದನ್ನು ಮೊದಲು ಮಂದೆಗೆ ಸೇರಿಸಿದ. ಆಮೇಲೆ, "ನಿನ್ನ ಮಂದೆ ಹತ್ರ ಬಿಟ್ಕಬಾರ್ದು ಅಂತಿದ್ದೆ. ಆ ನೇತ್ರಾವತಿ ಅನ್ನೋ ಆಯಮ್ಮ ಜೈಲಿಗೆ ಕರೆಸಿ ಕುಂದ್ರಿಸ್ಕಂಡು ಹೇಳಿದ್ಳು, ಕೆಲಸ ಇಲ್ದೆ ಕುಂತ್ರೆ ಮತ್ತೆ ಕುಡಿಯಾಕೆ ಹೋಗ್ತಾನೆ ಅಂತ. ಬಾಗೂರು ಕಡೆಗೆ ಹೊಡ್ಕಂಡು ಹೊಂಟೀವಿ. ಬರ್ತೀಯೇನು?" ಎಂದ.

ಜುಂಜೇಶನಿಗೆ ಹೊರಡುವ ಆಸೆಯಾಯಿತು. ಬರುತ್ತೇನೆ ಎನ್ನಬೇಕು. ಆದರೆ ಬಾಗೂರು ಇರುವುದು ಹೊಸದುರ್ಗ ತಾಲ್ಲೂಕಿನಲ್ಲಿ, ಅಲ್ಲಿಂದ ಮುಂದೆ ಹೊಳಲ್ಕೆರೆ. ಮಂದೆ ಬಿಟ್ಟು ವಾರವಾರ ಹಿರಿಯೂರಿಗೆ ಬರುವುದು ಹೇಗೆ? ಹಿರಿಯೂರಿನಲ್ಲೇ ಉಳಿದರೆ ಮಾತ್ರೆ ಉಂಟು, ಕೆಲಸವಿಲ್ಲ. ಅಣ್ಣನ ಜೊತೆ ಹೋದರೆ ಕೆಲಸ ಉಂಟು, ಮಾತ್ರೆಯಿಲ್ಲ. ನೇತ್ರಕ್ಕನಿಗೆ ಫೋನ್ ಮಾಡಿ, ತಪ್ಪು ಮಾಡಿದವನಂತೆ ಹೇಳಿದ.

"ನಮ್ಮತ್ರ ಬರೋರೆಲ್ಲ ಒಂದೇ ಊರಾಗೆ ಇರ್ತಾರೆ ಅಂತ ತಿಳ್ಕಂಡಿದ್ವಿ ನೋಡ್ರಿ" ಎಂದರು ನೇತ್ರಕ್ಕ. "ಕುರಿ ಯಾವ ದಾರಿ ಹಿಡೀತಾವೆ, ಎಲ್ಲೆಲ್ಲಿ ನಿಲ್ತೀರಿ, ಹೇಳ್ರಿ."

ಅವನು ಹೇಳುತ್ತ ಹೋದ, ಅವರು ಕೇಳುತ್ತ ಹೋದರು. ಬೇರೆ ತಾಲ್ಲೂಕಿನ ರೋಗಿಗೆ ನಾವು ಹೇಗೆ ಮಾತ್ರೆ ಕೊಡೋಣ ಎಂಬ ಪ್ರಶ್ನೆ ಆ ಊರುಗಳ ಆಸ್ಪತ್ರೆಗಳಲ್ಲಿ ಎದ್ದಿತಂತೆ. ನೇತ್ರಕ್ಕ ಮೇಲಿನವರನ್ನು ಕಂಡು, ಮತ್ತೆ ಕಂಡು, ಒಪ್ಪಿಸಿದರು. ಮಂದೆ ಹೊರಡುವ ದಿನ ಅವರ ಫೋನ್ ಬಂತು: "ಹೊಸದುರ್ಗದಾಗೂ ಹೊಳಲ್ಕೆರೆಯಾಗೂ ಆಸ್ಪತ್ರೆಯವರಿಗೆ ನಿಮ್ಮ ಹೆಸರು ಹೇಳಿದೀನಿ. ಯಾವ್ದು ಹತ್ರ ಆಗ್ತೈತೋ ಅಲ್ಲಿಗೆ ಹೋಗ್ರಿ."

ಬಾಗೂರಿನಲ್ಲಿ ಕೊಟ್ರಮ್ಮ ಎಂಬ ರೈತ ಹೆಂಗಸಿನ ಹೊಲದಲ್ಲಿ, ಗೊಬ್ಬರಕ್ಕೆಂದು, ಮಂದೆ ನಿಲ್ಲಿಸಿದರು. ಅಲ್ಲೇ ಒಂದು ಅಕಾಲದ ಮಳೆ ಹೊಡೆದು ಗುಡಾರವೆಲ್ಲ ತೊಯ್ದು, ಚೀಲದಲ್ಲಿದ್ದ ಮಾತ್ರೆಗಳು ಕರಗಿ ಮುದ್ದೆಯಾದವು. ಹೊಸದುರ್ಗಕ್ಕೆ ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ಜುಂಜೇಶ ದಿನ ತಳ್ಳಿದ. ಕಾಲು ನೊಂದ ಕುರಿಗಳಿದ್ದವು, ಬಿಡುವಿರಲಿಲ್ಲ. ಒಂದು ಮಧ್ಯಾಹ್ನ ಮುದ್ದಣ್ಣ ಮುಂದಿನ ಹೊಲ ಮಾತಾಡಿಕೊಂಡು ಬರಲು ಹೋಗಿದ್ದಾಗ, ಬೀಡಿ ತರಲೆಂದು ಹೊರಟ ಜುಂಜೇಶ ಅಂಗಡಿಯ ಮುಂದೆ ನಿಂತುಬಿಟ್ಟ. ಬೀಡಿಯ ಕಟ್ಟುಗಳ ಹಿಂದೆ ಕದ್ದು ಮಾರುವ ಬ್ರಾಂದಿಯ ಪ್ಯಾಕೆಟ್ಟುಗಳಿದ್ದವು. ಬಾಯಲ್ಲಿ ನೀರೂರಿತು. ಬೆವರು ಕಿತ್ತುಕೊಂಡಿತು. ಒಂದೇ ಒಂದು, ಯಾರಿಗೆ ಗೊತ್ತಾಗುತ್ತದೆ, ಎಂದು ಮನಸ್ಸು ಹೇಳತೊಡಗಿತು.

ಕೈ ಜೇಬಿಗೆ ಹೋದಾಗ ಫೋನು ಸಿಕ್ಕಿತು. ಗೋವಿಂದಯ್ಯನವರಿಗೆ ಹಚ್ಚಿದ.

"ಅಣ್ಣಾ, ಅಂಗಡಿ ಮುಂದೆ ನಿಂತೀನಿ."

"ನಿಂತಿದೀಯಲ್ಲ, ಅಷ್ಟೇ ತಾನೆ. ಹತ್ರದಾಗೆ ಯಾರ ಮನೆ ಐತೆ?"

"ಹೊಲದವರದ್ದು."

"ಹೋಗಿ ಅವರ ಜಗಲಿ ಮ್ಯಾಲೆ ಕುಂತ್ಕ. ಇದ್ದದ್ದು ಇದ್ದಂಗೆ ಹೇಳು. ಅಲ್ಲಿ ಮುಟ್ಟೋವರೆಗೆ ನನ್ ಜೊತೆ ಮಾತಾಡ್ತಾ ನಡಿ."

ಕೊಟ್ರಮ್ಮ ಜಗಲಿಯ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ಜುಂಜೇಶ ಕಂಬಕ್ಕೆ ಒರಗಿ ನಿಂತು, ನೆಲ ನೋಡುತ್ತ, "ಅಮ್ಮಾರೆ, ನಂಗೆ ಕುಡಿಬೇಕು ಅನ್ನಿಸ್ತೈತೆ. ಸ್ವಲ್ಪ ಹೊತ್ತು ಇಲ್ಲೇ ಕುಂತ್ಕಂಡಿರ್ಲಾ?" ಎಂದ. ಗದರಿ ಕಳಿಸಿಯಾರು ಎಂದುಕೊಂಡಿದ್ದ.

ಕೊಟ್ರಮ್ಮ ಅವನನ್ನೊಮ್ಮೆ ನೋಡಿ, ಮೊರದ ತುಂಬ ಅವರೆಕಾಯಿ ಅವನ ಕಡೆ ತಳ್ಳಿದರು. "ಕುಂತ್ಕಳಪ್ಪ. ಕೈ ಆಡಿಸ್ತಾ ಇರು. ಕಾಳು ಬ್ಯಾರೆ, ಸಿಪ್ಪೆ ಬ್ಯಾರೆ ಹಾಕು." ನಡುವೆ ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು. ಸೊಸೆಯ ಬಾಣಂತನ, ಬಾವಿ ಮೋಟರು ಕೆಟ್ಟದ್ದು, ಮಠದ ದಾಸೋಹಕ್ಕೆ ಕಾಳು ಕಳಿಸಬೇಕಾದ್ದು, ಹೀಗೆ ಏನೇನೋ ಹೇಳುತ್ತಲೇ ಇದ್ದರು. ಅವನ ಕುಡಿತದ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ರಾಶಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು, ಅವನ ಬೆವರೂ ಆರಿತ್ತು.

ಮುದ್ದಣ್ಣ ಬಂದಮೇಲೆ ಅವನಿಗೂ ಎಲ್ಲ ಹೇಳಿದ. ಅಣ್ಣ ಬಯ್ಯಲಿಲ್ಲ. "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗು. ಕುರಿ ನಾನ್ ನೋಡ್ಕತೀನಿ."

ಹೊಸದುರ್ಗದ ಆಸ್ಪತ್ರೆಯಲ್ಲಿ ಜುಂಜೇಶ ತನ್ನ ಹೆಸರು ಹೇಳಿ, ಜೈಲಿನ ವಿಷಯ ಎಲ್ಲರೆದುರು ಹೇಗೆ ಹೇಳುವುದೆಂದು ತಡವರಿಸುತ್ತಿದ್ದ. ಕಿಟಕಿಯ ಆಚೆಯಿಂದ ನರ್ಸ್ ಚೈತ್ರಾ ತಲೆ ಎತ್ತಿದರು.

"ಕುರಿ ಜೊತೆ ಬರ್ತಾರೆ ಅಂದಿದ್ರಲ್ಲ, ಆ ಜುಂಜೇಶ್ ನೀವೇನಾ? ಒಳಗೆ ಬರ್ರಿ. ಈ ವಾರ ಬರ್ಲೇ ಇಲ್ಲವಲ್ಲ ಅಂತ ಕಾಯ್ತಿದ್ವಿ. ಚಿತ್ರದುರ್ಗಕ್ಕೂ ಫೋನ್ ಮಾಡಿ ನೇತ್ರಕ್ಕನ್ನ ಕೇಳ್ದೆ."

ಜುಂಜೇಶ ಬೆಂಚಿನ ಮೇಲೆ ಕೂತ. ಪೊಲೀಸರು ಅವನಿಗಾಗಿ ಕಾದಿದ್ದರು, ಟಗರು ಕಳಕೊಂಡವರು ದೊಣ್ಣೆ ಹಿಡಿದು ಕಾದಿದ್ದರು. ಮುಖವನ್ನೇ ನೋಡಿರದ ಹೆಣ್ಣುಮಗಳೊಬ್ಬಳು, ಇವನು ಚೆನ್ನಾಗಿರಲಿ ಎಂದು ಕಾದದ್ದು ಇದೇ ಮೊದಲು. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಕಣ್ಣು ತುಂಬಿತು. ಚೈತ್ರಾ ನೀರಿನ ಲೋಟ ಪಕ್ಕಕ್ಕಿಟ್ಟು, ಮಾತ್ರೆಗಳನ್ನು ನೀರು ಹೋಗದಂಥ ಡಬ್ಬಿಯಲ್ಲಿ ಹಾಕಿಕೊಟ್ಟರು.

ಮಂದೆ ಹೊಳಲ್ಕೆರೆ ಮುಟ್ಟಿದಾಗ ಅಲ್ಲಿಯ ಆಸ್ಪತ್ರೆಗೆ ನೇತ್ರಕ್ಕನೇ ಬಂದಿದ್ದರು. ಈಗ ಜೈಲಿನಿಂದ ಹೊರಬರುವ ಯಾರೇ ಆಗಲಿ, ಲಾರಿ ಓಡಿಸುವವರಾಗಲಿ, ಕೂಲಿಗೆ ಊರೂರು ತಿರುಗುವವರಾಗಲಿ, ಹೋಗುವ ಊರಿನ ಆಸ್ಪತ್ರೆಗೆ ಮೊದಲೇ ತಿಳಿಸುವ ಏರ್ಪಾಡಾಗಿದೆ ಎಂದರು. ಜುಂಜೇಶ ದಾರಿಯುದ್ದಕ್ಕೂ ಒಂದಷ್ಟು ಮಾತು ಕೂಡಿಸಿಕೊಂಡು ಬಂದಿದ್ದ. ಎದುರು ನಿಂತಾಗ ಒಂದೂ ನೆನಪಾಗದೆ ಕೈ ಮುಗಿದ.

ಮುದ್ದಣ್ಣ ಮುಂದೆ ಬಂದು, ಬಗಲಲ್ಲಿದ್ದ ಹೊಸ ಕಂಬಳಿಯನ್ನು ಮೇಜಿನ ಮೇಲಿಟ್ಟ. "ನಮ್ಮ ಕುರಿದೇ ಉಣ್ಣೆ ಕಣಮ್ಮ" ಎಂದ.

"ಇದೆಲ್ಲ ನಾನು ತಗಳ್ಳಂಗಿಲ್ಲ ಮುದ್ದಣ್ಣ."

"ಹಂಗಾರೆ ಆಸ್ಪತ್ರೆಗೆ ಇರ್ಲಿ. ಚಳಿಯಾಗೆ ನಡುಗೋರು ಬರ್ತಾರಲ್ಲ, ಯಾರಿಗಾದ್ರೂ ಹೊದೆಸ್ರಿ."

ನೇತ್ರಕ್ಕ ಕಂಬಳಿಯನ್ನು ಮಡಚಿ ಒಳಗಿನ ಹಾಸಿಗೆಯೊಂದರ ಮೇಲೆ ಇಟ್ಟು ಬಂದರು. ಅಣ್ಣತಮ್ಮಂದಿರು ಊಟದ ಹೋಟೆಲ್ ಹುಡುಕುತ್ತ ಹೊರಟರು. ಇಬ್ಬರಿಗೂ ಚೆನ್ನಾಗಿ ಹಸಿವಾಗಿತ್ತು.