ಅತ್ತೆ ಬಾಯಿಬಿಟ್ಟ ದಿನ

ಕನ್ನಡಕದ ಗಾಜು ಕತ್ತರಿಸುವ ಹೊಸ ಯಂತ್ರ ಕೊಂಡವರನ್ನು ಕಂಪನಿಯವರೇ ತಮ್ಮೂರಿಗೆ ಕರೆಸಿಕೊಂಡು ಕೆಲಸ ಕಲಿಸುತ್ತಾರೆ, ಇಬ್ಬರ ವಿಮಾನದ ಖರ್ಚೂ ಅವರದೇ ಎಂದಾಗ ಸೊಸೆ ಹೊರಟು ನಿಂತಳು. ಗಂಡ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಎರಡನೇ ಟಿಕೆಟ್ಟು ಯಾರಿಗೆ ಎಂಬ ಪ್ರಶ್ನೆ ಊಟದ ಹೊತ್ತಿನಲ್ಲಿ ಎದ್ದಾಗ, ಮಾತಿಗೆ ಬರಗಾಲ ಬಂದವರಂತೆ ಇರುತ್ತಿದ್ದ ಅತ್ತೆ ತಟ್ಟೆಯಿಂದ ತಲೆ ಎತ್ತದೆಯೇ, "ನಾನು ಹೋಗ್ತೀನಿ" ಅಂದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅತ್ತೆ ತಾವಾಗಿ ಏನನ್ನಾದರೂ ಬೇಕು ಅಂದದ್ದನ್ನು ಸೊಸೆ ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

"ಅಲ್ಲಿ ಮ್ಯಾಂಡರಿನ್ ಬಿಟ್ಟರೆ ಬೇರೆ ಮಾತು ನಡೆಯಲ್ಲಮ್ಮ. ನಿನಗೆ ಬೇಜಾರಾಗುತ್ತೆ," ಅಂದ ಮಗ.

"ಆದರೆ ಆಗಲಿ ಬಿಡು."

ಸೊಸೆ ಜೇಬಿನಲ್ಲಿ ಹಿಡಿಸುವ ಪುಟ್ಟ ಮ್ಯಾಂಡರಿನ್ ಪುಸ್ತಕವೊಂದನ್ನು ಕೊಂಡು ತಂದು, ಪ್ರತಿ ವಾಕ್ಯದ ಪಕ್ಕದಲ್ಲೂ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡಳು. ನಮಸ್ಕಾರಕ್ಕೆ "ನೀ ಹಾವ್." ಕಂಡಕಂಡವರನ್ನೆಲ್ಲ ಹಾವು ಅಂತ ಕರೆದು ಒದೆ ತಿಂದು ಬರಬೇಡ ಎಂದು ಗಂಡ ಛೇಡಿಸಿದ. ಥ್ಯಾಂಕ್ಸಿಗೆ "ಶಿಯೆ ಶಿಯೆ" ಎಂದು ಗೊತ್ತಾದಾಗ, ಉಪಕಾರ ಮಾಡಿದವರಿಗೆ ಛೀ ಛೀ ಅಂದ ಹಾಗಾಯ್ತಲ್ಲ ಎಂದು ಬಿದ್ದು ಬಿದ್ದು ನಕ್ಕ. ಅಡುಗೆಮನೆಯಲ್ಲಿ ಅವಳು ಗಟ್ಟಿಯಾಗಿ ಉರು ಹೊಡೆಯುವಾಗ ಅತ್ತೆ ಕೈಕೆಲಸ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದರು. ಗಲಾಟೆ ಜಾಸ್ತಿಯಾಯಿತೇನೋ ಎಂದುಕೊಂಡು ಸೊಸೆ ದನಿ ತಗ್ಗಿಸುತ್ತಿದ್ದಳು.

ಕಾರ್ಖಾನೆಯಲ್ಲಿ ಪಾಠ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಎರಡನೇ ದಿನ ಹೋಟೆಲಿಗೆ ಮರಳಲು ಇಬ್ಬರೂ ಟ್ಯಾಕ್ಸಿ ಹತ್ತಿದರು. ಸೊಸೆ ಪುಸ್ತಕ ತೆರೆದು, "ದಯವಿಟ್ಟು ನಮ್ಮನ್ನು ಈ ಹೋಟೆಲಿಗೆ ಕರೆದುಕೊಂಡು ಹೋಗಿ" ಎಂಬ ಸಾಲನ್ನು ಬೆರಳಿಟ್ಟು ಓದಿದಳು. ಡ್ರೈವರ್ ಹುಬ್ಬು ಗಂಟಿಕ್ಕಿದ. ಮತ್ತೊಮ್ಮೆ ಓದಿದಳು. ಅವನು ಕಿವಿಯ ಹಿಂದೆ ಕೈಯಿಟ್ಟುಕೊಂಡ. ಮೂರನೇ ಸಲಕ್ಕೆ ಅವಳ ನಾಲಿಗೆಯೇ ಹೊರಳಲಿಲ್ಲ.

ಆಗ ಪಕ್ಕದಿಂದ ಒಂದು ಮಾತು ಬಂತು. ಉದ್ದನೆಯ ಮಾತು. ಎಲ್ಲೂ ತಡವರಿಸದೆ, ನೀರು ಸುರಿದ ಹಾಗೆ.

ಸೊಸೆ ತಿರುಗಿ ನೋಡಿದಳು. ಮಾತಾಡಿದ್ದು ಅತ್ತೆ. ಡ್ರೈವರ್ ಸೀಟಿನಲ್ಲೇ ಹಿಂದಕ್ಕೆ ತಿರುಗಿ ಏನೋ ಕೇಳಿದ. ಅತ್ತೆ ಉತ್ತರ ಕೊಟ್ಟರು. ಅವನು ಗೊಳ್ಳೆಂದು ನಕ್ಕು ಗಾಡಿ ಹೊರಡಿಸಿದ.

ಪಕ್ಕದಲ್ಲಿ ಕೂತವರು ತನ್ನ ಅತ್ತೆ ಹೌದೋ ಅಲ್ಲವೋ ಎಂದು ಸೊಸೆಗೆ ಒಂದು ಗಳಿಗೆ ಅನುಮಾನವೇ ಬಂತು.

"ಅತ್ತೆ, ಏನಿದು?"

"ಅವನು ನಗ್ತಾ ಇದ್ದಾನೆ ನೋಡು. ಚಿಕ್ಕ ಮಗು ಮಾತಾಡಿದ ಹಾಗೆ ಮಾತಾಡ್ತೀನಂತೆ," ಅಂದರು ಅತ್ತೆ. ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. "ಏಳು ವರ್ಷಕ್ಕೇ ನಿಂತುಹೋಯ್ತಲ್ಲ, ಇನ್ನು ಹೇಗೆ ಬರಬೇಕು."

ಆಮೇಲೆ, ಕಾರು ಸಿಗ್ನಲಿನಲ್ಲಿ ನಿಂತಾಗ ಸ್ವಲ್ಪ, ಹೊರಟಾಗ ಸ್ವಲ್ಪ ಎಂಬಂತೆ ಹೇಳಿದರು. ಅವರ ಅಪ್ಪ ಈ ಊರಿನ ಬಂದರಿನಲ್ಲಿ ಹಡಗುಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ಅಮ್ಮ ಇಲ್ಲಿಯವಳೇ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯವರ ಮಗಳು. ಒಂದು ದಿನ ಅಪ್ಪ ಹಡಗು ತೋರಿಸ್ತೀನಿ ಬಾ ಎಂದು ಕರೆದುಕೊಂಡು ಹೋದರು. ಹಡಗು ಹೊರಟೇಬಿಟ್ಟಿತು. ಅಮ್ಮ ಬೇಕು ಎಂದು ಅತ್ತಾಗ, ಅಮ್ಮ ಸತ್ತುಹೋದಳು, ಇನ್ನು ಅವಳ ಭಾಷೆಯನ್ನು ಯಾರ ಮುಂದೂ ಆಡಬೇಡ ಅಂದರು.

"ನೀವು ಆಡಲೇ ಇಲ್ವಾ?"

"ಅಪ್ಪ ಬೇಡ ಅಂದಿದ್ದರಲ್ಲ." ಅದಕ್ಕಿಂತ ದೊಡ್ಡ ಕಾರಣ ಬೇಕೇ ಎಂಬಂತೆ ಅತ್ತೆ ಅವಳನ್ನು ನೋಡಿದರು. "ಈಗ ಆ ಅಂಗಡಿಯಿದ್ದ ಬೀದಿ ಒಂದು ಸಲ ನೋಡಿಬಿಡೋಣ. ಅಮ್ಮ ಓಡಾಡಿದ ಜಾಗ. ಹೋಟೆಲಿಗೆ ಆಮೇಲೆ ಹೋದರಾಯ್ತು."

ಬೀದಿ ಕಿರಿದಾಗಿತ್ತು. ಎರಡೂ ಕಡೆ ಬೀಗ, ಹಗ್ಗ, ಬಣ್ಣದ ಡಬ್ಬ ಮಾರುವ ಅಂಗಡಿಗಳು. ಅತ್ತೆ ಯಾರನ್ನೂ ಕೇಳಲಿಲ್ಲ. ಮೂಲೆಯ ಕಬ್ಬಿಣದ ನಲ್ಲಿಯನ್ನು ಮುಟ್ಟಿ ಬಲಕ್ಕೆ ತಿರುಗಿದರು. ಅಂಗಡಿ ಇತ್ತು. ಬಾಗಿಲಿನಿಂದಲೇ ಸೋಪಿನ ವಾಸನೆ ಮತ್ತು ಹಬೆ. ಒಳಗೆ ಅಗಲವಾದ ಮೇಜಿನ ಮೇಲೆ ಬಿಳಿ ಹೊದಿಕೆ ಹರಡಿಕೊಂಡು ಒಬ್ಬ ಹೆಂಗಸು ಇಸ್ತ್ರಿ ಮಾಡುತ್ತಿದ್ದಳು. ವಯಸ್ಸು ಐವತ್ತು ದಾಟಿರಬಹುದು.

ಸೊಸೆ "ನೀ ಹಾವ್" ಅಂದಳು. ಹೆಂಗಸು ಮುಗುಳ್ನಕ್ಕು, ಒಗೆಯುವ ಬಟ್ಟೆ ಎಲ್ಲಿ ಎಂಬಂತೆ ಕೈಚಾಚಿದಳು. ಅತ್ತೆಯ ಕಣ್ಣು ಹೆಂಗಸಿನ ತಲೆಯ ಮೇಲಿನ ಗೋಡೆಯಲ್ಲಿ ನೆಟ್ಟಿತ್ತು. ಸೊಸೆಯೂ ಅತ್ತ ನೋಡಿದಳು.

ಗೋಡೆಯ ಮೇಲೆ ಮೂರು ಫೋಟೋ. ಒಂದರಲ್ಲಿ ಚೂಪು ಮೀಸೆಯ ಯುವಕ. ಅತ್ತೆಯ ಅಪ್ಪನ ಇದೇ ಫೋಟೋ ಮನೆಯಲ್ಲಿ ಅವರ ಮಂಚದ ಹಿಂದಿನ ಗೋಡೆಯಲ್ಲಿತ್ತು. ದಿನಾ ಅದರ ಗಾಜು ಒರೆಸುತ್ತಿದ್ದವಳು ಸೊಸೆಯೇ. ಪಕ್ಕದಲ್ಲಿ ಎರಡು ಜಡೆಯ ಪುಟ್ಟ ಹುಡುಗಿ. ಎಡಹುಬ್ಬನ್ನು ಸೀಳಿದ ಸಣ್ಣ ಗಾಯದ ಗುರುತು. ಆ ಗುರುತು ಈಗಲೂ ಅತ್ತೆಯ ಎಡಹುಬ್ಬಿನಲ್ಲಿತ್ತು.

ಮೂರನೆಯದು ಬಣ್ಣದ ಫೋಟೋ. ಹಣ್ಣು ಹಣ್ಣು ಮುದುಕಿ.

"ತಲೆ ನರೆತಿದೆ," ಅಂದರು ಅತ್ತೆ. "ನೋಡೇ, ನಮ್ಮಮ್ಮನ ತಲೆ ಪೂರಾ ನರೆತಿದೆ. ಮುದುಕಿ ಆಗೋವರೆಗೂ ಇದ್ದಳು."

ಅಷ್ಟೇ. ಆಮೇಲೆ ಅವರ ಬಾಯಿಂದ ಯಾವ ಮಾತೂ ಹೊರಡಲಿಲ್ಲ. ಕನ್ನಡವೂ ಇಲ್ಲ, ಇನ್ನೊಂದೂ ಇಲ್ಲ. ಮೇಜಿನ ಅಂಚು ಹಿಡಿದು ನಿಂತೇ ಇದ್ದರು. ಹೆಂಗಸು ಗಾಬರಿಯಾಗಿ ಏನೇನೋ ಕೇಳಿದಳು, ದನಿ ಏರಿಸಿದಳು, ಬಾಗಿಲ ಕಡೆ ಕೈ ತೋರಿಸಿದಳು. ಅವಳ ತಪ್ಪೇನೂ ಇರಲಿಲ್ಲ. ಗುರುತು ಪರಿಚಯವಿಲ್ಲದ ಇಬ್ಬರು ಬಂದು ತನ್ನ ಅಂಗಡಿಯ ಗೋಡೆಯನ್ನೇ ನೋಡುತ್ತ ನಿಂತರೆ ಯಾರಾದರೂ ಹಾಗೇ ಮಾಡುತ್ತಿದ್ದರು.

ಸೊಸೆ ಪುಸ್ತಕದಲ್ಲಿ ಕುಟುಂಬದ ಪುಟ ಹುಡುಕಿದಳು. "ತಂದೆ" ಎಂಬಲ್ಲಿ ಬೆರಳಿಟ್ಟು ಮೀಸೆಯವನನ್ನು ತೋರಿಸಿದಳು, ಆಮೇಲೆ ಅತ್ತೆಯನ್ನು. "ತಾಯಿ" ಎಂಬಲ್ಲಿ ಬೆರಳಿಟ್ಟು ಮುದುಕಿಯನ್ನು, ಮತ್ತೆ ಅತ್ತೆಯನ್ನು. ಹೆಂಗಸು ತಲೆ ಅಲ್ಲಾಡಿಸಿದಳು. ಹುಡುಗಿಯ ಫೋಟೋ ತೋರಿಸಿ, ಎರಡೂ ಕೈಯಿಂದ ನೀರಿನ ಅಲೆ ಮಾಡಿ, ಮುಳುಗಿದಂತೆ ಕೈ ಕೆಳಗಿಳಿಸಿದಳು. ತಂದೆ, ಮಗಳು, ಇಬ್ಬರೂ. ಸಮುದ್ರದಲ್ಲಿ.

ಅಂದರೆ ಇಷ್ಟು ವರ್ಷ ಇವರು ಅತ್ತೆಯನ್ನು ಸತ್ತವರ ಸಾಲಿನಲ್ಲಿ ಇಟ್ಟಿದ್ದರು. ಇತ್ತ ಅತ್ತೆ ಬದುಕಿದ್ದ ಅಮ್ಮನನ್ನು ಸತ್ತಳೆಂದು ನಂಬಿಕೊಂಡಿದ್ದರು.

ಸೊಸೆ ಫೋನು ತೆಗೆದು ಮನೆಯ ಚಿತ್ರಗಳನ್ನು ಸರಿಸುತ್ತಾ ಹೋದಳು. ಅತ್ತೆ ಮಂಚದ ಮೇಲೆ ಮೊಮ್ಮಗಳ ತಲೆ ಬಾಚುತ್ತಿದ್ದ ಚಿತ್ರವೊಂದು ಸಿಕ್ಕಿತು. ಹಿಂದಿನ ಗೋಡೆಯಲ್ಲಿ ಅದೇ ಮೀಸೆ, ಅದೇ ಅಂಗಿ. ಅವಳು ಫೋನನ್ನು ಹೆಂಗಸಿನ ಮುಖದ ಮುಂದೆ ಹಿಡಿದಳು.

ಹೆಂಗಸು ಚಿತ್ರ ನೋಡಿದಳು, ಗೋಡೆ ನೋಡಿದಳು. ಇಸ್ತ್ರಿಪೆಟ್ಟಿಗೆಯ ಕೆಳಗೆ ಹೊದಿಕೆ ಸುಡತೊಡಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸೊಸೆಯೇ ಅದನ್ನು ಎತ್ತಿಟ್ಟಳು. ಹೆಂಗಸು ಮೇಜು ಸುತ್ತಿ ಬಂದು, ಅತ್ತೆಯ ಎಡಹುಬ್ಬಿನ ಮೇಲೆ ಹೆಬ್ಬೆರಳು ಆಡಿಸಿ, ಒಂದೇ ಮಾತು ಅಂದಳು. "ಜ್ಯೆಜ್ಯೆ?"

ಸೊಸೆ ಪುಟದಲ್ಲಿ ಹುಡುಕಿದಳು. ಅಕ್ಕ.

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ತಂಗಿಯೂ ಎದುರಿಗೆ ಕುಸಿದಳು. ಅಪ್ಪ ಹೊರಟಾಗ ಅವಳಿನ್ನೂ ತೊಟ್ಟಿಲಲ್ಲಿದ್ದ ಕೂಸು. ಆ ಕೂಸನ್ನು ಅತ್ತೆ ಯಾವತ್ತೂ ಬಾಯಲ್ಲಿ ಹೇಳಿರಲಿಲ್ಲ. ಅದೂ ಅಮ್ಮನ ಜೊತೆಗೇ ಹೋಯಿತೆಂದು ಅಪ್ಪ ಹೇಳಿದ್ದರಂತೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಾತಾಡತೊಡಗಿದರು. ಒಬ್ಬಳು ಮಗುವಿನ ಮಾತಿನಲ್ಲಿ, ಇನ್ನೊಬ್ಬಳು ದೊಡ್ಡವರ ಮಾತಿನಲ್ಲಿ. ಅಮ್ಮ ತೀರಿಕೊಂಡು ನಾಲ್ಕೇ ವರ್ಷವಾಗಿತ್ತು. ಅದನ್ನು ಸೊಸೆಗೆ ಕನ್ನಡದಲ್ಲಿ ಹೇಳುವಾಗ ಅತ್ತೆಯ ಮುಖ ಕಲ್ಲಾಗಿತ್ತು. ನಾಲ್ಕು ವರ್ಷದ ಹಿಂದೆ ಅತ್ತೆ ಆರಾಮವಾಗಿ ಮನೆಯಲ್ಲಿ ಮೊಮ್ಮಗಳನ್ನು ಆಡಿಸಿಕೊಂಡಿದ್ದರು.

ಸಂಜೆ ತಂಗಿ ಸ್ಟೂಲು ಹತ್ತಿ ಹುಡುಗಿಯ ಫೋಟೋ ಇಳಿಸಿದಳು. ಮೀಸೆಯವನ ಫೋಟೋಗೂ ಕೈ ಹಾಕಿ, ಅಕ್ಕನ ಮುಖ ನೋಡಿದಳು. ಅತ್ತೆ ಹೂಂ ಎಂಬಂತೆ ತಲೆಯಾಡಿಸಿದರು.

ಅಷ್ಟರಲ್ಲಿ ಗಂಡನ ಫೋನು ಬಂತು. ಯಂತ್ರದ ಬಗ್ಗೆ ಕೇಳಲು ಮಾಡಿದ್ದ.

"ಅಮ್ಮ ಹೇಗಿದ್ದಾಳೆ? ಬೇಜಾರು ಅಂತಿದ್ದಾಳಾ?"

"ಅವರು ವಾಪಸು ಬರೋದು ಒಂದು ತಿಂಗಳು ತಡವಾಗುತ್ತಂತೆ," ಅಂದಳು ಸೊಸೆ. "ನಾನು ಒಬ್ಬಳೇ ಬರ್ತೀನಿ. ಮತ್ತೆ, ಅವರ ಕೋಣೇಲಿರೋ ತಾತನ ಫೋಟೋ ತೆಗೆದು ಒಳಗಿಡಬೇಕಂತೆ. ಇವತ್ತೇ."

"ಯಾಕೆ? ಅಲ್ಲಿ ಏನಾಯ್ತು?"

"ನೀವು ಮೊದಲು ಕೂತ್ಕೊಳ್ಳಿ," ಅಂದಳು.