ಕಡವೆ ಎಂದು ಬಂದ ಮಾಂಸ

ರಂಗನಾಥರ ಮುದಿ ಕುದುರೆಗೆ ತಿಂಗಳುಗಟ್ಟಲೆ ಸೂಜಿ ಚುಚ್ಚಿದವನು ನಾನೇ, ಮೂಡಿಗೆರೆಯ ಪಶುವೈದ್ಯ ಸಿದ್ದಬಸಪ್ಪ. ಕಾಲುನೋವಿನ ಔಷಧಿ. "ಇದರ ಮಾಂಸ ಮನುಷ್ಯರ ಹೊಟ್ಟೆಗೆ ಹೋಗಬಾರ್ದು ಸಾರ್. ಕೆಲವರಿಗೆ ಮೈಯಲ್ಲಿ ರಕ್ತ ಹುಟ್ಟೋದೇ ನಿಂತುಹೋಗಬಹುದು. ಸತ್ರೆ ಹೂಳಿಸಿಬಿಡಿ" ಎಂದು ಹೇಳಿದ್ದೆ.

"ಕುದುರೆ ಯಾರು ತಿಂತಾರೆ ಮಾರಾಯ್ರೆ" ಎಂದು ನಕ್ಕಿದ್ದರು. ಎಸ್ಟೇಟ್ ಯಜಮಾನರಿಗೆ ಗುಂಡಿ ತೋಡಿಸುವ ತಾಪತ್ರಯ ಯಾಕೆ? ಉಸಿರಿರುವಾಗಲೇ ಕೊಟ್ಟಿಗೆಹಾರದ ದನದ ಬ್ರೋಕರನಿಗೆ ಸಾಗಹಾಕಿದರು.

ಅದೇ ವಾರ ಅವರ ಬಸುರಿ ಸೊಸೆ ದಿವ್ಯಾಳಿಗೆ ಬಯಕೆ ಊಟ. ಕದ್ದು ಹೊಡೆದ ಕಡವೆ ಬಂದಿದೆ ಎಂದು ಮನೆಯೆಲ್ಲ ಸಡಗರ. ಬೇಟೆಗೆ ಜೈಲು ಎಂದಾದ ಮೇಲೆ ಮಾಂಸ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕೇಳದಿರುವುದೇ ಇಲ್ಲಿ ಮರ್ಯಾದೆ. ಮಾಂಸ ತಿನ್ನದ ನನಗೆ ಬೇರೆ ಎಲೆ ಹಾಕಿದ್ದರು. ಕೈ ತೊಳೆಯಲು ಅಡುಗೆಮನೆ ಕಡೆ ಹೋದಾಗ, ಬೇಯಿಸದೆ ಉಳಿಸಿದ್ದ ತುಂಡುಗಳು ಕಂಡವು. ಕಡವೆಯ ಕೊಬ್ಬು ಬಿಳಿ. ಇದು ಹಳದಿಯಾಗಿತ್ತು.

"ಯಾರು ತಂದಿದ್ದು ಇದು?" ಎಂದು ರಂಗನಾಥರನ್ನು ಕೇಳಿದೆ.

"ಅದೆಲ್ಲ ಕೇಳಬಾರ್ದು ಡಾಕ್ಟ್ರೇ."

"ಕುದುರೆ ತಗೊಂಡ ಬ್ರೋಕರ್ ತಾನೆ?"

ಅವರು ಊಟದ ಪಂಕ್ತಿಯತ್ತ ಓಡಿದರು. ದಿವ್ಯಾಳಿಗೇ ಮೊದಲು ಬಡಿಸಿದ್ದರಿಂದ ಅವಳು ಆಗಲೇ ಎರಡು ತುತ್ತು ತಿಂದಿದ್ದಳು. ಅವರು ಅವಳ ಎಲೆ ಕಿತ್ತುಕೊಂಡು, ಜೀಪು ತೆಗೆಯಲು ಮಗ ನಂದನ್‌ಗೆ ಹೇಳಿದರು. ಆಮೇಲೆ ಅಡುಗೆಯ ಮುತ್ತಮ್ಮನ ಕಡೆ ತಿರುಗಿ, "ಉಳಿದಿದ್ದನ್ನ ಕೂಲಿಯೋರ ಲೈನ್ ಮನೆಗಳಿಗೆ ಕೊಟ್ಬಿಡು, ಸುಮ್ನೆ ದಂಡ ಮಾಡ್ಬೇಡ" ಎಂದರು.

ನಾನು ಮಾಂಸದ ಪಾತ್ರೆಯನ್ನು ಒದ್ದು ಚರಂಡಿಗೆ ಚೆಲ್ಲಿದೆ. ಒದ್ದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಮುತ್ತಮ್ಮ ಪಾತ್ರೆಯತ್ತ ನೋಡಲೇ ಇಲ್ಲ. "ಲಿವರ್ ಬೆಳಿಗ್ಗೇನೇ ಲೈನಿಗೆ ಹೋಯ್ತು ಡಾಕ್ಟ್ರೇ. ನನ್ನ ಮಗಳೂ ಬಸುರಿ ಅಲ್ವಾ, ಒಳ್ಳೇದು ಅಂತ ಯಜಮಾನ್ರೇ ಕೊಡಿಸಿದ್ರು. ಒಂದು ಚೂರೂ ಬಿಡದೆ ತಿಂದ್ಳು."

ಔಷಧಿ ಹೆಚ್ಚು ಉಳಿಯುವುದೇ ಲಿವರಿನಲ್ಲಿ. ಅಂಗಳಕ್ಕೆ ಓಡಿದೆ. ಜೀಪು ಹೊರಟು ನಿಂತಿತ್ತು. "ಮುತ್ತಮ್ಮನ ಮಗಳನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿ ಸಾರ್, ಅವಳೇ ಜಾಸ್ತಿ ತಿಂದಿರೋದು" ಎಂದೆ.

"ಅವ್ರದ್ದೆಲ್ಲ ಗಟ್ಟಿ ಜೀವ, ಏನೂ ಆಗಲ್ಲ ಬಿಡಿ" ಎಂದರು ರಂಗನಾಥರು. "ಜೀಪಲ್ಲಿ ಜಾಗ ಬೇರೆ ಇಲ್ಲ."

ಜೀಪು ಹೊರಟಿತು. ಮುಂದೆ ಗಂಡ ಹೆಂಡತಿ ಇಬ್ಬರೇ ಕೂತಿದ್ದರು. ಹಿಂದಿನ ಸೀಟು ಪೂರ್ತಿ ಖಾಲಿಯಿತ್ತು. ನನ್ನ ಹಿಂದೆಯೇ ಬಂದು ನಿಂತಿದ್ದ ಮುತ್ತಮ್ಮನೂ ಅದನ್ನು ನೋಡಿದಳು.